ಮೀನುಗಾರನಿಗೆ ಈಜು ಬರಲ್ವಾ ಸಾರ್?

‘ಮಲ್ಪೆ ಬಂದರು: ಬೋಟಿನಿಂದ ಆಯತಪ್ಪಿ ನೀರಿಗೆ ಬಿದ್ದು ಮೀನುಗಾರ ಸಾವು.’ ಟಿವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಈ ಸಾಲು ಬಂದು ಹೋಗೋಕೆ ಐದಾರು ಸೆಕೆಂಡ್ ಸಾಕು. ಮೇಲೆ ನಾನು ಯಾವುದೋ ರಾಜಕೀಯದ ಕಿತ್ತಾಟದ ಬಗ್ಗೆ ಮಾತಾಡ್ತಾ ಇರ್ತೀನಿ, ಕೆಳಗೆ ಒಂದು ಜೀವ ಹೋಗಿರುತ್ತೆ. ಕರಾವಳಿ ಸುದ್ದಿ ನೋಡುವವರಿಗೆ ಈ ಸಾಲು ಹೊಸದಲ್ಲ. ಹೆಸರು ಬದಲಾಗುತ್ತೆ, ಊರು ಬದಲಾಗುತ್ತೆ, ‘ಆಯತಪ್ಪಿ’ ಅನ್ನೋ ಪದ ಮಾತ್ರ ಬದಲಾಗಲ್ಲ.

ಒಂದು ಸಲ ಕೆ.ಆರ್. ಪುರದ ವೀಕ್ಷಕರೊಬ್ಬರು ಫೋನಿನಲ್ಲಿ ಸಿಕ್ಕಿ ಕೇಳಿದ್ರು: “ಸಾರ್, ಮೀನುಗಾರನಿಗೆ ಈಜು ಬರಲ್ವಾ? ಹತ್ತು ದಿನ ಸಮುದ್ರದಲ್ಲಿದ್ದು ಬರೋನು ದಡದ ಪಕ್ಕದಲ್ಲೇ ಹೆಂಗೆ ಮುಳುಗ್ತಾನೆ?” ಕುಹಕದ ಪ್ರಶ್ನೆ ಅಲ್ಲ ಅದು, ನಿಜವಾದ ಅನುಮಾನ. ಇದಕ್ಕೆ ಉತ್ತರ ಹೇಳಬೇಕು ಅಂದ್ರೆ ದಕ್ಕೆ ಅಂದ್ರೇನು, ಅಲ್ಲಿ ಬೆಳಗ್ಗೆ ಏನೇನು ನಡೆಯುತ್ತೆ ಅನ್ನೋದರಿಂದಲೇ ಶುರು ಮಾಡಬೇಕು. ಅದಕ್ಕೂ ಮೊದಲು ಶಿವಾಜಿನಗರಕ್ಕೆ ಬನ್ನಿ. ದಕ್ಕೆಗೂ ನಮಗೂ ಏನು ಸಂಬಂಧ ಅನ್ನುವವರಿಗೆ ಉತ್ತರ ಅಲ್ಲಿದೆ.

ರಸೆಲ್ ಮಾರ್ಕೆಟ್ ಎಲ್ಲರಿಗೂ ಗೊತ್ತು. ದಂಡು ಪ್ರದೇಶದ ಜನರಿಗಾಗಿ 1927ರಲ್ಲಿ ಕಟ್ಟಿ, 1933ರಲ್ಲಿ ಉದ್ಘಾಟನೆಯಾದ ಕಟ್ಟಡ. ಆಗಿನ ಮುನ್ಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಇಟ್ಟರು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅಂಗಡಿಗಳು ಸುಟ್ಟವು, ಮತ್ತೆ ಎದ್ದು ನಿಂತವು. ಬೆಳಗಿನ ಜಾವ ಅಲ್ಲಿಗೆ ಹೋದ್ರೆ ಮೀನಿನ ಕಡೆ ಥರ್ಮೋಕೋಲ್ ಪೆಟ್ಟಿಗೆಗಳ ಸಾಲು. ಹಲಸೂರಿನ ಅಂಗಡಿಯವರು, ಇಂದಿರಾನಗರದ ಹೋಟೆಲ್‌ನವರು, ಮನೆಗೆ ಎರಡು ಕಿಲೋ ಒಯ್ಯೋರು ಎಲ್ಲರೂ ಅದೇ ನೀರಲ್ಲಿ ಚಪ್ಪಲಿ ನೆನೆಸಿಕೊಂಡು ನಿಂತಿರ್ತಾರೆ. ಉರ್ದು, ತಮಿಳು, ಕನ್ನಡ ಮೂರರಲ್ಲೂ ಚೌಕಾಸಿ.

ಆ ಪೆಟ್ಟಿಗೆಗಳು ಎಲ್ಲಿಂದ ಬಂದವು? ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ ಬೆಂಗಳೂರಿಗೆ ಬರುತ್ತೆ. ಇಲ್ಲಿಗೆ ಮುಗಿಯಲ್ಲ. ಅದೇ 75 ಮುಂದೆ ಹೊಸಕೋಟೆ, ಕೋಲಾರ ದಾಟಿ ವೇಲೂರಿನವರೆಗೆ ಹೋಗುತ್ತೆ. ಪಶ್ಚಿಮದ ಮೀನು ಈ ತುದಿಯಿಂದ, ಚೆನ್ನೈ ಕಡೆಯ ಪೂರ್ವದ ಮೀನು ಆ ತುದಿಯಿಂದ. ಕೆ.ಆರ್. ಪುರದವರು ನಿಜ ಹೇಳಬೇಕಂದ್ರೆ ಎರಡು ಸಮುದ್ರಗಳ ನಡುವೆ ವಾಸ ಮಾಡ್ತಿದ್ದಾರೆ, ನೋಡೋಕೆ ಕಾಣೋದು ಟ್ರಾಫಿಕ್ ಮಾತ್ರ.

ಇನ್ನೊಂದು ಲೆಕ್ಕ ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅದೂ 61 ದಿನ. ಮೀನು ಮರಿ ಹಾಕುವ ಸಮಯ, ಮೇಲಾಗಿ ಮಳೆಗಾಲದ ಕಡಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಟ್ಟೆಗೆ ಮಲ್ಪೆ, ಮಂಗಳೂರು ಆಸರೆ. ಜೂನ್ ಮಧ್ಯದ ನಂತರ ಚೆನ್ನೈ ಕಡೆಯವರ ಆಸರೆ. ಜೂನ್ 1ರಿಂದ 14ರವರೆಗೆ? ಎರಡೂ ಕಡೆ ದೊಡ್ಡ ಬೋಟುಗಳು ದಡದಲ್ಲಿ. ಆ ಎರಡು ವಾರ ಮೀನಿನ ರೇಟು ಯಾಕೆ ತಲೆ ಮೇಲೆ ಕೂರುತ್ತೆ ಅಂತ ವ್ಯಾಪಾರಿಯನ್ನು ಬೈಯೋ ಬದಲು ಕ್ಯಾಲೆಂಡರ್ ನೋಡಿ. ಆಗ ಸಿಗೋದು ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು, ಕೆರೆಯ ಮೀನು, ಇಲ್ಲವೇ ಕೋಲ್ಡ್ ಸ್ಟೋರೇಜ್ ಸರಕು.

ಈಗ ಮಲ್ಪೆಗೆ ಹೋಗೋಣ.

ದಕ್ಕೆ ಅಂದ ತಕ್ಷಣ ನಮಗೆ ಬೆಂಗಳೂರಿಗರಿಗೆ ನೆನಪಾಗೋದು ಸಿನಿಮಾದಲ್ಲಿ ಬರೋ ಮರದ ಸೇತುವೆ, ತುದಿಯಲ್ಲಿ ನಿಂತ ಹೀರೋ, ಹೀರೋಯಿನ್. ಮಲ್ಪೆಯಲ್ಲಿ ಅಂಥ ಫೋಟೋ ಬೇಕಂದ್ರೆ ಪಕ್ಕದ ಸೀ ವಾಕ್‌ಗೆ ಹೋಗಿ. ಮೀನುಗಾರಿಕೆಯ ದಕ್ಕೆ ಬೇರೆ. ನೀರಿನ ಅಂಚಿಗೆ ಉದ್ದಕ್ಕೂ ಕಟ್ಟಿದ ಕಾಂಕ್ರೀಟ್ ಗೋಡೆ, ಅದರ ಮೇಲೆ ಅಂಗಳ, ಅಂಗಳಕ್ಕೆ ಮಾಡು. ಬೋಟು ಬಂದು ಗೋಡೆಗೆ ತಾಗಿ ನಿಲ್ಲುತ್ತೆ. ಗೋಡೆಗೆ ಹಳೇ ಟೈರ್ ನೇತುಹಾಕಿರ್ತಾರೆ, ಉಜ್ಜದಿರಲಿ ಅಂತ. ಮೀನು ಇಳಿಸೋದು, ಏಲಂ ಕೂಗೋದು, ಐಸ್ ತುಂಬೋದು, ಡೀಸೆಲ್ ಹಾಕೋದು, ಬಲೆ ಹೊಲಿಯೋದು, ಜಗಳ ಮಾಡೋದು, ಚಾ ಕುಡಿಯೋದು ಎಲ್ಲ ಇಲ್ಲೇ. ಉದ್ಯಾವರ ಹೊಳೆ ಕಡಲು ಸೇರುವ ಜಾಗ ಇದು. ಹಾಗಾಗಿ ದಕ್ಕೆಯ ಬುಡದಲ್ಲಿ ಹೊಳೆ ತಂದ ಹೂಳೂ ಇದೆ.

ಸಮಸ್ಯೆ ಏನಂದ್ರೆ, ಗೋಡೆಯ ಉದ್ದ ಇಷ್ಟೇ, ಬೋಟುಗಳು ಬಹಳ. ಹಾಗಾಗಿ ಒಂದು ಬೋಟಿಗೆ ತಾಗಿ ಇನ್ನೊಂದು, ಅದಕ್ಕೆ ತಾಗಿ ಮತ್ತೊಂದು ಕಟ್ಟುತ್ತಾರೆ. ನಮ್ಮ ಶಿವಾಜಿನಗರದಲ್ಲಿ ಬೈಕ್ ನಿಲ್ಲಿಸೋ ಹಾಗೇ. ಮೂರನೇ ಸಾಲಿನ ಬೋಟಿನವನು ದಡಕ್ಕೆ ಬರಬೇಕಂದ್ರೆ ಎರಡು ಬೋಟು ದಾಟಿ ಬರಬೇಕು. ಈ ಚಿತ್ರ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೆಳಕು ಹರಿಯೋ ಮುಂಚೆ ಅಂಗಳ ತುಂಬಿರುತ್ತೆ. ಪರ್ಸೀನ್ ಬೋಟು ಬಂದ್ರೆ ಅದರಿಂದ ಇಪ್ಪತ್ತೈದು, ಮೂವತ್ತು ಜನ ಇಳಿತಾರೆ. ದೊಡ್ಡ ಬಲೆಯಿಂದ ಹಿಂಡನ್ನೇ ಸುತ್ತುವರಿಯುವ ಕೆಲಸ, ಸಿಕ್ಕಿದರೆ ಬೂತಾಯಿ, ಬಂಗುಡೆ ರಾಶಿ ರಾಶಿ. ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ಆರೇಳು ಜನ, ಹತ್ತು ಹತ್ತು ದಿನ ಕಡಲಲ್ಲೇ ವಾಸ. ನಡೆಸುವವನು ತಾಂಡೇಲ. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಅನ್ನೋದು ಅವನ ಮಾತು. ದಕ್ಕೆಗೆ ತಾಗಿದ ಮೇಲೆ ಅವನ ಮಾತು ನಡೆಯಲ್ಲ, ಏಲಂ ಕೂಗುವವನ ಮಾತು ನಡೆಯುತ್ತೆ. ರಾಶಿಯ ಸುತ್ತ ಹತ್ತು ಜನ ಬಗ್ಗಿ ನಿಂತು, ಕಿವಿರು ಎತ್ತಿ ನೋಡಿ, ನಾವು ಕೇಳಿದ್ರೂ ಅರ್ಥ ಆಗದ ವೇಗದಲ್ಲಿ ತುಳುವಿನಲ್ಲಿ ಬೆಲೆ ಏರಿಸ್ತಾ ಹೋಗ್ತಾರೆ. ಒಂದು ರಾಶಿ ಮುಗಿಯೋದಕ್ಕೆ ನಮ್ಮ ಒಂದು ಜಾಹೀರಾತು ವಿರಾಮದಷ್ಟು ಹೊತ್ತೂ ಬೇಡ.

ಆ ಗುಂಪಿನಲ್ಲಿ ಮೊಗವೀರ ಹೆಂಗಸರು ಇರ್ತಾರೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಲಾರಿ ತುಂಬಿಸುವ ದೊಡ್ಡ ವ್ಯಾಪಾರಿಗಳ ಮಧ್ಯೆ ನುಗ್ಗಿ ತಮ್ಮ ಒಂದು ಬುಟ್ಟಿಗೆ ಬೆಲೆ ಕಟ್ಟುತ್ತಾರೆ. ಮೊದಲು ಬುಟ್ಟಿ ಹೊತ್ತು ಮನೆ ಮನೆಗೆ ನಡೀತಿದ್ರು, ಈಗ ನಾಲ್ಕು ಜನ ಸೇರಿ ರಿಕ್ಷಾ. ಉಡುಪಿಯಲ್ಲಿ ಹೆಂಗಸರೇ ನಡೆಸೋ ಮೀನು ಮಾರುಕಟ್ಟೆ ಇದೆ. ಅಂಥ ಒಬ್ಬ ಅಕ್ಕನನ್ನು ನಾನು ಮೈಕ್ ಹಿಡಿದು “ಇವತ್ತು ವ್ಯಾಪಾರ ಹೇಗಿದೆ ಅಕ್ಕಾ?” ಅಂತ ಕೇಳಿದ್ದಕ್ಕೆ, “ಮೊದಲು ದಾರಿ ಬಿಡಿ ಮಾರಾಯ್ರೆ, ಐಸ್ ಕರಗ್ತದೆ” ಅಂದ್ರು. ಅವತ್ತಿನ ಬೈಟ್ ಅಷ್ಟೇ.

ಅವರ ಮಾತಿನಲ್ಲಿ ಇಡೀ ವ್ಯವಹಾರ ಇದೆ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮೈಕ್ ಹಿಡಿದ ಮೇಲೆ ಅದು ಉಪಯೋಗಕ್ಕೆ ಬರೋದು ಇಂಥ ಕಡೆ ಮಾತ್ರ, ಸ್ವಲ್ಪ ಸಹಿಸಿಕೊಳ್ಳಿ. ಒಂದು ಕಿಲೋ ಐಸ್ ಕರಗಿ ನೀರಾಗೋಕೆ ಸುಮಾರು 80 ಕಿಲೋ ಕ್ಯಾಲೊರಿ ಶಾಖ ಎಳೆದುಕೊಳ್ಳುತ್ತೆ. ಒಂದು ಕಿಲೋ ಮೀನನ್ನು 28 ಡಿಗ್ರಿಯಿಂದ ಸೊನ್ನೆಗೆ ಇಳಿಸೋಕೆ ಅದರ ಮೂರನೇ ಒಂದು ಭಾಗದಷ್ಟು ಶಾಖ ತೆಗೆದರೆ ಸಾಕು. ಅಂದ್ರೆ ಕಾಗದದ ಮೇಲೆ ಒಂದು ಕಿಲೋ ಐಸ್ ಮೂರು ಕಿಲೋ ಮೀನನ್ನು ತಣ್ಣಗೆ ಮಾಡುತ್ತೆ. ಆದ್ರೆ ದಕ್ಕೆಯಲ್ಲಿ, ಲಾರಿಯಲ್ಲಿ ಪಾಠದ ಲೆಕ್ಕ ನಡೆಯಲ್ಲ. ಹೊರಗಿನ ಬಿಸಿಲು, ಪೆಟ್ಟಿಗೆಯ ಬಿರುಕು, ಘಾಟಿಯಲ್ಲಿ ಕೆಟ್ಟು ನಿಂತ ಟ್ಯಾಂಕರ್ ಎಲ್ಲ ಐಸ್ ತಿನ್ನುತ್ತವೆ. ನಮ್ಮಂಥ ಸೆಕೆಯ ನಾಡಿನಲ್ಲಿ ಮೀನಿಗೆ ಸಮ ಐಸ್, ಒಂದಕ್ಕೊಂದು ಅನ್ನೋದೇ ಸರಿಯಾದ ಅಳತೆ. ನೀವು ರಸೆಲ್ ಮಾರ್ಕೆಟ್‌ನಲ್ಲಿ ಕೊಡೋ ದುಡ್ಡಲ್ಲಿ ನೀರಿಗೂ ಪಾಲು ಇದೆ ಅಂತಾಯ್ತು.

ಐಸ್ ಕಮ್ಮಿ ಮಾಡಿದ್ರೆ ಏನಾಗುತ್ತೆ? ಬಂಗುಡೆ, ಬೂತಾಯಿ, ಕೇದರ ಥರದ ಮೀನು ಬೆಚ್ಚಗಾದರೆ ಅದರ ಮಾಂಸದಲ್ಲಿ ಬ್ಯಾಕ್ಟೀರಿಯಾ ಹಿಸ್ಟಮಿನ್ ಅನ್ನೋ ವಸ್ತು ತಯಾರು ಮಾಡುತ್ತೆ. ಊಟ ಆದ ಅರ್ಧ ಗಂಟೆಗೆ ಮುಖ ಕೆಂಪಾಗಿ, ಮೈ ತುರಿಸಿ, ‘ನಂಗೆ ಮೀನು ಅಲರ್ಜಿ’ ಅಂತೀವಿ. ಎಷ್ಟೋ ಸಲ ಅದು ಅಲರ್ಜಿ ಅಲ್ಲ, ಎಲ್ಲೋ ನಡುವೆ ಐಸ್ ತಪ್ಪಿರುತ್ತೆ. ಎಷ್ಟು ಕುದಿಸಿದ್ರೂ ಈ ಹಿಸ್ಟಮಿನ್ ಹೋಗಲ್ಲ, ಗೊತ್ತಿರಲಿ. ಇನ್ನು ಊಟಕ್ಕೆ ಲಾಯಕ್ಕಿಲ್ಲದೆ ಮೆತ್ತಗಾದ ಮೀನು ದಕ್ಕೆಯಿಂದ ನೇರ ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಬೆಲೆ ಬಹಳ ಕಮ್ಮಿ. ಹಾಗಾಗಿಯೇ ಬೋಟು ದಕ್ಕೆಗೆ ತಾಗಿದ ಕ್ಷಣದಿಂದ ಎಲ್ಲರೂ ಓಡ್ತಾ ಇರ್ತಾರೆ. ಅರ್ಧ ಗಂಟೆ ತಡ ಅಂದ್ರೆ ದುಡ್ಡು ತಡ ಅಲ್ಲ, ದುಡ್ಡು ಹೋಯ್ತು.

ಓಡುವವರು ಯಾರು? ದಕ್ಕೆ ಅಂದ್ರೆ ಮೊಗವೀರರು, ಖಾರ್ವಿಗಳು ಅಂತ ನಾವು ಸುಲಭವಾಗಿ ಹೇಳ್ತೀವಿ. ಕಸುಬು ಅವರದೇ, ಬೋಟುಗಳೂ ಹೆಚ್ಚಿನವು ಅವರದೇ. ಆದ್ರೆ ಇವತ್ತು ಬೋಟಿನಲ್ಲಿ ಉತ್ತರ ಕನ್ನಡದವರಿದ್ದಾರೆ, ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡಿನವರಿದ್ದಾರೆ. ದಡದಲ್ಲಿ ಬುಟ್ಟಿ ಹೊರೋದು, ಮೀನು ಬೇರ್ಪಡಿಸೋದು, ಸಿಗಡಿ ಸುಲಿಯೋದಕ್ಕೆ ಘಟ್ಟದ ಮೇಲಿನಿಂದ ಬಂದ ಕುಟುಂಬಗಳಿವೆ.

2025ರ ಮಾರ್ಚ್ 18ರಂದು ಇದೇ ಮಲ್ಪೆ ಬಂದರಿನಲ್ಲಿ ಹಾಗೆ ದುಡಿಯೋಕೆ ಬಂದ ಒಬ್ಬ ಮಹಿಳೆಯನ್ನು ಮೀನು ಕದ್ದಳು ಅಂತ ಆರೋಪಿಸಿ ಮರಕ್ಕೆ ಕಟ್ಟಿ ಹೊಡೆದರು. ವಿಡಿಯೋ ಎಲ್ಲ ಕಡೆ ಹರಿದಾಡಿತು. ಕೇಸು ಆಯ್ತು, ಬಂಧನ ಆಯ್ತು, ಮುಖ್ಯಮಂತ್ರಿ ಖಂಡಿಸಿದರು. ಬಂಧನ ವಿರೋಧಿಸಿ ಮಲ್ಪೆಯಲ್ಲಿ ಪ್ರತಿಭಟನೆಯೂ ನಡೆಯಿತು. ಮರಕ್ಕೆ ಕಟ್ಟಿದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಕಳ್ಳತನವೇ ಆಗಿದ್ರೂ ಪೊಲೀಸ್ ಠಾಣೆ ಇದೆ. ನನ್ನ ತಕರಾರು ನಮ್ಮ ಮೇಲೆ, ಅಂದ್ರೆ ಚಾನೆಲ್‌ಗಳ ಮೇಲೆ. ನಾವು ಆ ವಿಡಿಯೋವನ್ನು ಸುತ್ತಿ ಸುತ್ತಿ ತೋರಿಸಿದ್ವಿ. ಲಕ್ಷಾಂತರ ರೂಪಾಯಿಯ ಸರಕು ಒಂದು ತೆರೆದ ಅಂಗಳದಲ್ಲಿ ದಿನಾ ಕೈಯಿಂದ ಕೈಗೆ ಹೋಗುತ್ತಲ್ಲ, ಬುಟ್ಟಿಯಿಂದ ಜಾರಿ ಬಿದ್ದ ಮೀನು ಯಾರದ್ದು, ಹೊತ್ತವರ ಕೂಲಿ ಎಷ್ಟು, ತಕರಾರು ಬಂದ್ರೆ ಕೇಳೋರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಮೂರು ದಿನಕ್ಕೆ ಕ್ಯಾಮೆರಾ ವಾಪಸ್ ಬಂತು.

ಕ್ಯಾಮೆರಾ ಇನ್ನೊಂದು ಸಲ ದೊಡ್ಡದಾಗಿ ಅಲ್ಲಿಗೆ ಹೋಗಿದ್ದು ಸುವರ್ಣ ತ್ರಿಭುಜ ಕಾಣೆಯಾದಾಗ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರನ್ನು ಹೊತ್ತು ಹೊರಟ ಬೋಟು ಅದು. ಇಬ್ಬರು ಉಡುಪಿ ಕಡೆಯವರು, ಐವರು ಉತ್ತರ ಕನ್ನಡದವರು. ಎರಡು ದಿನದ ನಂತರ ಸಂಪರ್ಕ ಇಲ್ಲ. ಜನವರಿ 6ರಂದು ಸಾವಿರಾರು ಮೀನುಗಾರರು ಹೆದ್ದಾರಿಗೆ ಬಂದು ಕೂತರು. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಮಹಾರಾಷ್ಟ್ರದ ಮಾಲ್ವಣ ಕಡಲಿನಲ್ಲಿ ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಪತ್ತೆ ಹಚ್ಚಿತು. ಬೋಟು ಸಿಕ್ಕಿತು, ಆ ಏಳು ಜನ ಸಿಗಲಿಲ್ಲ. ನಾಲ್ಕೂವರೆ ತಿಂಗಳು ಆ ಮನೆಯವರು ಹೇಗಿದ್ದಿರಬಹುದು ಅಂತ ನಾನಿಲ್ಲಿ ವರ್ಣಿಸೋಕೆ ಹೋಗಲ್ಲ.

ಏಳು ಜನ ಒಂದೇ ಸಲ ಕಾಣೆಯಾದ್ರೆ ಪ್ರೈಮ್ ಟೈಮ್. ಏಳು ಜನ ಏಳು ಬೇರೆ ಬೇರೆ ರಾತ್ರಿ ದಕ್ಕೆಯಲ್ಲಿ ಬಿದ್ದು ಹೋದ್ರೆ? ಏಳು ಸಲ ಕೆಳಪಟ್ಟಿ.

ಸರಿ, ಕೆ.ಆರ್. ಪುರದವರ ಪ್ರಶ್ನೆಗೆ ಬರ್ತೀನಿ. ಈಜು ಬರಲ್ವಾ? ಬಹಳ ಜನಕ್ಕೆ ಚೆನ್ನಾಗೇ ಬರುತ್ತೆ. ಆದ್ರೆ ಈಜೋದಕ್ಕೆ ಜಾಗ ಬೇಕಲ್ಲ ಸ್ವಾಮಿ!

ಸಮಯ ರಾತ್ರಿ ಹನ್ನೊಂದು ಅಂತ ಇಟ್ಟುಕೊಳ್ಳಿ. ಮೂರನೇ ಸಾಲಿನ ಬೋಟಿನವನು ಊಟಕ್ಕೋ, ಮೊಬೈಲ್ ಕರೆನ್ಸಿಗೋ ದಡಕ್ಕೆ ಹೋಗಿ ವಾಪಸ್ ಬರ್ತಿದ್ದಾನೆ. ಬೋಟಿನ ಅಂಚು ಅಂದ್ರೆ ಮೀನಿನ ಲೋಳೆ, ಐಸ್ ನೀರು, ಡೀಸೆಲ್ ಜಿಡ್ಡು. ಹೋಗುವಾಗ ಕಡಲು ಭರತದಲ್ಲಿತ್ತು, ಬೋಟು ಮತ್ತು ದಕ್ಕೆ ಹೆಚ್ಚುಕಮ್ಮಿ ಒಂದೇ ಮಟ್ಟ. ಬರುವಾಗ ಇಳಿತ. ನಮ್ಮ ಕರಾವಳಿಯಲ್ಲಿ ಭರತ ಇಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಇದು ದಿನಕ್ಕೆ ಎರಡು ಸಲ, ಮತ್ತೆ ಚಂದ್ರನ ಲೆಕ್ಕದಲ್ಲಿ ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತೆ. ನಿನ್ನೆ ಇದೇ ಹೊತ್ತಿಗೆ ಕಾಲಿಟ್ಟ ಮೆಟ್ಟಿಲು ಇವತ್ತು ಅಲ್ಲಿರಲ್ಲ. ಬಸ್ಸಿನ ಮೆಟ್ಟಿಲು ದಿನಾ ಎತ್ತರ ಬದಲಾಯಿಸಿದ್ರೆ ನಾವೆಷ್ಟು ಜನ ಬೀಳ್ತಿದ್ವಿ ಯೋಚಿಸಿ.

ಜಾರಿದ. ಬೀಳುವಾಗಲೇ ತಲೆ ಅಂಚಿಗೆ ಬಡಿದರೆ ಅಲ್ಲಿಗೆ ಪ್ರಜ್ಞೆ ಇಲ್ಲ, ಈಜಿನ ಮಾತೇ ಬರಲ್ಲ. ಬಡಿಯಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅವನು ಬಿದ್ದಿರೋದು ಎರಡು ಬೋಟುಗಳ ನಡುವಿನ ಸಂದಿಗೆ. ಅಲೆ ತಳ್ಳಿದಾಗ ಟನ್‌ಗಟ್ಟಲೆ ತೂಕದ ಎರಡು ಬೋಟು ಹತ್ತಿರ ಬರ್ತವೆ, ಆಮೇಲೆ ದೂರ ಹೋಗ್ತವೆ. ತಪ್ಪಿಸಿಕೊಳ್ಳೋಕೆ ಮುಳುಗಿ ಬೇರೆ ಕಡೆ ಏಳಬೇಕು. ಎದ್ದರೆ ತಲೆ ಮೇಲೆ ಇನ್ನೊಂದು ಬೋಟಿನ ತಳ. ಕತ್ತಲು. ನೀರಿನ ಮೇಲೆ ಎಣ್ಣೆ ಪದರ, ಕಣ್ಣು ಉರಿ. ಬೋಟಿನ ಹೊರಮೈ ಮೇಲೆ ಹೋಗ್ತಾ ಹೊರಕ್ಕೆ ಬಾಗಿರುತ್ತೆ, ಹಿಡಿಯೋಕೆ ಏನೂ ಇಲ್ಲ. ದಕ್ಕೆಯ ಗೋಡೆ ನೆಟ್ಟಗೆ ನಿಂತಿದೆ, ಪಾಚಿ ಕಟ್ಟಿದೆ, ಇಳಿತದಲ್ಲಿ ಅದರ ಅಂಚು ಕೈಗೆ ಸಿಗಲ್ಲ. ಕಾಲಲ್ಲಿ ಗಮ್‌ಬೂಟು. ನೀರು ತುಂಬಿದ ಬೂಟು ಕೆಳಗೆ ಎಳೆಯುತ್ತೆ ಅಂತಾರೆ. ಅದು ಪೂರ್ತಿ ಸರಿಯಲ್ಲ, ನೀರೊಳಗೆ ನೀರಿಗೆ ತೂಕ ಇಲ್ಲ. ಆದ್ರೆ ಮೈಯನ್ನು ನೀರಿಂದ ಮೇಲೆ ಎತ್ತುವಾಗ ಆ ನೀರೆಲ್ಲ ತೂಕವಾಗುತ್ತೆ. ಕೆಳಗೆ ಕಾಲೂರಿದರೆ ಹೂಳು. ಕೂಗಿದರೆ ಯಾವುದಾದ್ರೂ ಇಂಜಿನ್ ಓಡ್ತಿರುತ್ತೆ. ಕೆಲವೊಮ್ಮೆ ಕುಡಿತವೂ ಕಾರಣ, ಅದನ್ನು ಮುಚ್ಚಿಡೋದು ಬೇಡ. ಆದ್ರೆ ಕುಡಿಯದವನಿಗೂ ಈ ಸಂದಿ ಅಷ್ಟೇ ಕಿರಿದು.

ತೆರೆದ ಕಡಲಲ್ಲಿ ಬಿದ್ದವನಿಗೆ ತೇಲೋಕೆ ಜಾಗ ಇರುತ್ತೆ, ಜೊತೆಯವರು ಕಂಡರೆ ಹಗ್ಗ ಎಸೆಯೋಕೆ ಸಮಯ ಇರುತ್ತೆ. ಇಲ್ಲಿ ಉಸಿರಿಲ್ಲದ ನಾಲ್ಕೈದು ನಿಮಿಷ, ಅಷ್ಟೇ. ಬೆಳಗ್ಗೆ ಹಾಜರಿ ಲೆಕ್ಕದಲ್ಲಿ ಒಬ್ಬ ಕಮ್ಮಿ ಬಂದಾಗ ಹುಡುಕಾಟ.

ಹುಡುಕೋದಕ್ಕೆ ಬರುವವರಲ್ಲಿ ಈಶ್ವರ್ ಮಲ್ಪೆ ಒಬ್ಬರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಗೆ ಧುಮುಕಿದ ಮುಳುಗುತಜ್ಞ ಅಂತ ನೀವು ಟಿವಿಯಲ್ಲಿ ನೋಡಿದ್ದೀರಿ. ಅದಕ್ಕೂ ಎಷ್ಟೋ ಮುಂಚಿನಿಂದ ಅವರು ತಮ್ಮೂರಿನ ನೀರಿಗೆ ಬಿದ್ದವರನ್ನು ಮೇಲೆ ತರುವ ಕೆಲಸ ಮಾಡ್ತಾ ಬಂದಿದ್ದಾರೆ. ಅವರಂಥವರು ಇದ್ದಾರೆ ಅನ್ನೋದು ಊರಿನ ಪುಣ್ಯ. ಆದ್ರೆ ಅವರ ಅಗತ್ಯ ಬೀಳೋದು ಎಲ್ಲ ಮುಗಿದ ಮೇಲೆ.

ಮುಗಿಯುವ ಮುಂಚೆ ಬೇಕಾಗೋದು ಬಹಳ ಸಣ್ಣ ಸಾಮಾನು. ಗೋಡೆಗೆ ಹತ್ತಿಪ್ಪತ್ತು ಮೀಟರಿಗೊಂದು ಕಬ್ಬಿಣದ ಏಣಿ, ಇಳಿತದ ನೀರಿನವರೆಗೂ ಇಳಿಯುವಂಥದ್ದು. ಏಣಿಗಳ ನಡುವೆ ನೀರಿನ ಮಟ್ಟದಲ್ಲಿ ಇಳಿಬಿಟ್ಟ ಸರಪಳಿ, ಬಿದ್ದವನು ಹಿಡಿದುಕೊಂಡು ಏಣಿವರೆಗೆ ಸರಿಯೋಕೆ. ನೀರಿನ ಕಡೆಗೆ ತಿರುಗಿದ ದೀಪ; ಸಾಮಾನ್ಯವಾಗಿ ನಾವು ದೀಪ ಹಾಕೋದು ಅಂಗಳದ ಕಡೆಗೆ, ಮೀನು ಕಾಣಲಿ ಅಂತ. ಕಂಬಕ್ಕೊಂದು ರಿಂಗು, ಹಗ್ಗ. ಬೋಟಿನಿಂದ ಬೋಟಿಗೆ ದಾಟೋಕೆ ಕೈಪಿಡಿ ಇರೋ ಹಲಗೆ. ಇದ್ಯಾವುದೂ ರಾಕೆಟ್ ತಂತ್ರಜ್ಞಾನ ಅಲ್ಲ, ಮಲ್ಪೆಯ ಯಾವ ವೆಲ್ಡಿಂಗ್ ಶಾಪ್‌ನವರೂ ಮಾಡಿಕೊಡ್ತಾರೆ. ಬಂದರು ವಿಸ್ತರಣೆಗೆ ಕೋಟಿಗಳ ಮಾತು ಬಂದಾಗ ಉದ್ಘಾಟನೆಗೆ ಎಲ್ಲ ಪಕ್ಷದವರೂ ಬರ್ತಾರೆ. ಏಣಿಗೆ ಟೇಪ್ ಕಟ್ ಮಾಡೋಕೆ ಯಾರು ಬರ್ತಾರೆ ಹೇಳಿ?

ಸಾವಿನ ನಂತರದ ಕಾಗದವನ್ನೂ ಹೇಳಿಬಿಡ್ತೀನಿ, ನೋಡುವವರಲ್ಲಿ ಕರಾವಳಿಯವರೂ ಇದ್ದೀರಿ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ, ಅಪಘಾತದಲ್ಲಿ ಜೀವ ಹೋದ್ರೆ 5 ಲಕ್ಷ ರೂಪಾಯಿ. ರಾಜ್ಯದಲ್ಲಿ ಸಂಕಷ್ಟ ಪರಿಹಾರ ನಿಧಿಯೂ ಇದೆ. ಆದ್ರೆ ವಿಮೆಗೆ ಹೆಸರು ನೋಂದಣಿ ಆಗಿರಬೇಕು. ಊರಿನ ಸೊಸೈಟಿಯ ಸದಸ್ಯನ ಹೆಸರು ಪಟ್ಟಿಯಲ್ಲಿ ಇರೋದು ಸುಲಭ. ಸೆಪ್ಟೆಂಬರ್‌ನಲ್ಲಿ ಒಡಿಶಾದಿಂದ ರೈಲು ಹತ್ತಿ ಬಂದು, ಮೇ ಮುಗಿದ ಮೇಲೆ ವಾಪಸ್ ಹೋಗೋ ಹುಡುಗನ ಹೆಸರು ಎಲ್ಲಿರುತ್ತೆ? ಊರಲ್ಲೂ ಇರದೆ, ಇಲ್ಲೂ ಇರದೆ ಹೋಗಬಹುದು. ಬೋಟು ಹತ್ತಿಸಿಕೊಳ್ಳೋ ದಿನವೇ ಮಾಲೀಕರು ಆಧಾರ್ ನಕಲು ತಗೊಳ್ತಾರಲ್ಲ, ಅದೇ ಹೊತ್ತಿಗೆ ವಿಮೆಯ ನೋಂದಣಿ ಆಗಿದೆಯಾ ಅಂತ ಕೇಳಿ, ಇಲ್ಲದಿದ್ರೆ ಮಾಡಿಸೋದು ಕಷ್ಟದ ಕೆಲಸ ಅಂತ ನನಗೆ ಅನ್ನಿಸಲ್ಲ.

ನಮ್ಮ ಕಡೆಯಿಂದ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇವೆ. ‘ಆಯತಪ್ಪಿ’ ಅಂತ ಸುದ್ದಿ ಬಂದ್ರೆ ಕರಾವಳಿಯ ವರದಿಗಾರರು ಇನ್ನು ಮುಂದೆ ನಾಲ್ಕು ವಿಷಯ ಕೇಳಿ ಕಳಿಸಬೇಕು: ಎಷ್ಟು ಹೊತ್ತಿಗೆ, ಆಗ ಭರತವೋ ಇಳಿತವೋ, ಹತ್ತಿರದ ಏಣಿ ಎಷ್ಟು ದೂರ ಇತ್ತು, ವಿಮೆ ಇತ್ತೋ ಇಲ್ಲವೋ. ಹೇಳಿದ ತಕ್ಷಣ ನಮ್ಮ ಉಡುಪಿಯ ಹುಡುಗ ಕೇಳಿದ: “ಇಷ್ಟೆಲ್ಲ ಪಟ್ಟಿಯಲ್ಲಿ ಹಿಡಿಸ್ತದಾ ಸಾರ್?” ಹಿಡಿಸಲ್ಲ. ಅಂಥ ಸುದ್ದಿಯನ್ನು ಪಟ್ಟಿಯಿಂದ ತೆಗೆದು ಬುಲೆಟಿನ್‌ಗೆ ಹಾಕೋಣ ಅಂತ ಹೇಳಿದ್ದೇನೆ.